ಹೆಮಿಂಗ್ವೇ ಕಥೆಯಲ್ಲಿ ಒಂದು ಲೋಟ ಅನೀಸ್

ಎಂ.ಎ. ಓದುವಾಗ ತರಗತಿಯ ಕೆಲಸಕ್ಕೆಂದು ನಾನು ಅರ್ನೆಸ್ಟ್ ಹೆಮಿಂಗ್ವೇಯ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ ಕಥೆಯನ್ನು ಕನ್ನಡಕ್ಕೆ ಅನುವಾದಿಸಿದ್ದೆ. ಅದರಲ್ಲಿ ‘ಅನೀಸ್ ದೆಲ್ ತೋರೊ’ ಎಂಬ ಪಾನೀಯ ಬರುತ್ತದೆ. ಹೆಸರು ಓದುಗರಿಗೆ ತೊಡಕಾದೀತೆಂದು ಅದು ಬಂದಲ್ಲೆಲ್ಲ ‘ಮದ್ಯ’ ಎಂದು ಬರೆದು ಮುಂದೆ ಹೋಗಿದ್ದೆ. ಅಂಕಗಳೇನೋ ಚೆನ್ನಾಗಿಯೇ ಬಂದವು. ಮೊನ್ನೆ ಪಿಎಚ್.ಡಿ. ಅಧ್ಯಾಯವೊಂದಕ್ಕಾಗಿ ಆ ಹಾಳೆಗಳನ್ನು ಮತ್ತೆ ತೆರೆದಾಗ, ಕಥೆಯ ಕೀಲನ್ನೇ ಕಳಚಿ ಹಾಕಿದ್ದೆನಲ್ಲ ಅನಿಸಿತು.

1927ರಲ್ಲಿ ಪ್ರಕಟವಾದ ಕಥೆ ಇದು. ಸ್ಪೇನಿನ ಎಬ್ರೋ ನದಿಯ ಕಣಿವೆಯಲ್ಲೊಂದು ರೈಲು ನಿಲ್ದಾಣ. ಒಬ್ಬ ಅಮೆರಿಕನ್, ಜೊತೆಗೆ ಜಿಗ್ ಎಂಬ ಹುಡುಗಿ. ಬಾರ್ಸೆಲೋನಾದಿಂದ ಮ್ಯಾಡ್ರಿಡ್‌ಗೆ ಹೋಗುವ ರೈಲು ಬರಲು ಇನ್ನೂ 40 ನಿಮಿಷವಿದೆ. ಆಕೆ ಗರ್ಭ ತೆಗೆಸಿಕೊಳ್ಳಲಿ ಎಂಬುದು ಅವನ ಒತ್ತಾಯ. ಆದರೆ ಆ ಪದ ಕಥೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಬಾಯಿಬಿಟ್ಟು ಆಡದ ಮಾತೆಲ್ಲ ಬೇರೆಲ್ಲೋ ತಂಗಬೇಕಲ್ಲ? ಅದು ತಂಗಿರುವುದು ಕುಡಿಯುವ ಲೋಟಗಳಲ್ಲಿ ಎಂದು ಈಗ ನನಗನ್ನಿಸುತ್ತದೆ.

ಮೊದಲು ಇಬ್ಬರೂ ಬಿಯರ್ ಕುಡಿಯುತ್ತಾರೆ. ಆಮೇಲೆ ಬಾಗಿಲಿನ ಮಣಿಪರದೆಯ ಮೇಲೆ ಬರೆದಿದ್ದ ಹೆಸರನ್ನು ಹುಡುಗಿ ನೋಡುತ್ತಾಳೆ. ಅದೇನೆಂದು ಅವಳಿಗೆ ಗೊತ್ತಿಲ್ಲ, ಓದಿ ಹೇಳುವವನು ಅವನು. ರುಚಿ ನೋಡೋಣವೇ ಎಂದು ಕೇಳುವವಳು ಮಾತ್ರ ಅವಳು. ಅನೀಸ್ ಎಂದರೆ ಸೋಂಪಿನ ಘಮದ ಮದ್ಯ. ಮೆಡಿಟರೇನಿಯನ್ ತೀರದ ಊರುಗಳಲ್ಲಿ ಇಂಥವನ್ನು ಊಟಕ್ಕೆ ಮುಂಚೆ ಕುಡಿಯುವ ರೂಢಿಯಿದೆ. ಈ ಬಗೆಯ ಪಾನೀಯಗಳಿಗೆ ಫ್ರೆಂಚರ ಹೆಸರು ‘ಅಪೆರಿಟಿಫ್’. ‘ತೆರೆ’ ಎಂಬ ಅರ್ಥದ ಲ್ಯಾಟಿನ್ ಧಾತು ‘ಅಪೆರಿರೆ’ಯಿಂದ ಬಂದ ಪದ ಅದು. ತೆರೆಯಬೇಕಾದದ್ದು ಹೊಟ್ಟೆ, ಹಸಿವು.

ಈ ಪಾನೀಯಗಳಲ್ಲಿ ಹಲವಕ್ಕೆ ಔಷಧದ ನಂಟಿದೆ. 1786ರಲ್ಲಿ ಟ್ಯೂರಿನ್‌ನ ಕಾರ್ಪಾನೋ ಮಾರಾಟಕ್ಕಿಟ್ಟ ವರ್ಮೌತ್‌ಗೆ ಹೆಸರು ಬಂದಿದ್ದು ವರ್ಮ್‌ವುಡ್ ಎಂಬ ಕಹಿ ಗಿಡದ ಜರ್ಮನ್ ಹೆಸರಿನಿಂದ. ನಮ್ಮ ಹೂಮಾಲೆಗಳಲ್ಲಿ ಸೇರುವ ದವನ ಇದೇ ಗಿಡದ ಕುಲಕ್ಕೆ ಸೇರಿದ್ದು. 1846ರ ಡುಬೊನೆ, ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್‌ನ ಕಹಿಯನ್ನು ಸಿಹಿ ವೈನಿನಲ್ಲಿ ಮರೆಸಿದ ಪಾನೀಯ. ನುಂಗಲಾಗದ್ದನ್ನು ನುಂಗುವಂತೆ ಮಾಡುವುದು ಇವುಗಳ ಹಳೆಯ ಕಸುಬು. ಕಥೆಯ ಗಂಡಸು ಮಾಡುತ್ತಿರುವುದೂ ಅದನ್ನೇ. ಶಸ್ತ್ರಚಿಕಿತ್ಸೆ ಏನೇನೂ ಅಲ್ಲ, ಒಳಗೆ ಒಂದಿಷ್ಟು ಗಾಳಿಯಾಡಿದರೆ ಮುಗಿಯಿತು ಎಂಬಂತೆ ಅವನು ವಿವರಿಸುತ್ತಾನೆ. ‘ತೆರೆ’ ಎಂಬ ಧಾತು ಇಲ್ಲಿ ಎಷ್ಟು ಕ್ರೂರವಾಗಿ ಕೇಳಿಸುತ್ತದೆ!

ಈಗ ನೀರಿನ ಪ್ರಸಂಗವನ್ನು ನೋಡಿ. ನೀರು ಬೆರೆಸಬೇಕೇ ಎಂದು ಅಂಗಡಿಯ ಹೆಂಗಸು ಕೇಳುತ್ತಾಳೆ. ಅವನು ಆ ಪ್ರಶ್ನೆಯನ್ನು ಹುಡುಗಿಗೆ ದಾಟಿಸುತ್ತಾನೆ. ಅವಳಿಗೆ ಗೊತ್ತಿಲ್ಲ, ಚೆನ್ನಾಗಿರುತ್ತದೆಯೇ ಎಂದು ಅವನನ್ನೇ ಕೇಳುತ್ತಾಳೆ. ಪರವಾಗಿಲ್ಲ ಎಂಬ ಧಾಟಿಯ ಉತ್ತರ ಸಿಗುತ್ತದೆ. ಹೆಂಗಸು ಮತ್ತೆ ಕೇಳಿದಾಗ ಯಾರೋ ಹೂಂ ಅನ್ನುತ್ತಾರೆ. ಅದು ಯಾರ ಮಾತು ಎಂದು ಹೆಮಿಂಗ್ವೇ ಬರೆದಿಲ್ಲ. ಮುಂದೆ ಬರಲಿರುವ ದೊಡ್ಡ ನಿರ್ಧಾರ ಇಲ್ಲಿ ಚಿಕ್ಕದಾಗಿ ಆಗಲೇ ನಡೆದುಹೋಗಿದೆ. ತಿಳಿದವನು ಅವನು, ನುಂಗಬೇಕಾದವಳು ಅವಳು, ಒಪ್ಪಿಗೆ ಯಾರದೆಂದು ಹೇಳಲಾಗದು. ಅನೀಸ್‌ಗೆ ನೀರು ಬಿದ್ದರೆ ಸೋಂಪಿನ ಎಣ್ಣೆಯಂಶ ಬೇರ್ಪಟ್ಟು ಲೋಟ ಹಾಲಿನಂತೆ ಬೆಳ್ಳಗಾಗುತ್ತದೆ. ಕಥೆ ಇದನ್ನು ಹೇಳುವುದಿಲ್ಲ. ಆದರೆ ಬಿಳಿಯಾನೆಗಳಂಥ ಬೆಟ್ಟಗಳ ಎದುರು ಕೂತ ಇವರ ಮುಂದೆ ಆ ಬಿಳುಪನ್ನು ಕಾಣದಿರಲು ನನ್ನಿಂದಾಗದು.

ಕುಡಿದ ಹುಡುಗಿಗೆ ಅದು ಲಿಕೊರಿಸ್‌ನ ಹಾಗೆ ರುಚಿಸುತ್ತದೆ. ಎಲ್ಲದರ ಗತಿಯೂ ಇಷ್ಟೇ, ಬಹುಕಾಲ ಕಾದು ಪಡೆದ ಆಬ್ಸಿಂತ್‌ನಂಥದ್ದರದಂತೂ ಹೌದು ಎಂಬ ಅರ್ಥದಲ್ಲಿ ಕಹಿಯಾಗಿ ಮಾತಾಡುತ್ತಾಳೆ. ಆಬ್ಸಿಂತ್ ಕೂಡ ವರ್ಮ್‌ವುಡ್ ಮತ್ತು ಸೋಂಪಿನದೇ ಪಾನೀಯ. ಫ್ರಾನ್ಸ್ 1915ರಲ್ಲಿ ಅದನ್ನು ನಿಷೇಧಿಸಿತು. ವರ್ಮ್‌ವುಡ್ ಇಲ್ಲದ ಸೋಂಪಿನ ಪಾನೀಯಗಳು ಆ ಜಾಗವನ್ನು ತುಂಬಿದವು. ಹಂಬಲಿಸಿದ್ದು ಒಂದು, ಲೋಟದಲ್ಲಿರುವುದು ಅದರ ಬದಲಿ.

ಯುದ್ಧದ ನಂತರದ ತಲೆಮಾರು ಸಮಯ ಕೊಲ್ಲಲು ಕುಡಿಯುತ್ತಿತ್ತು, ಇಲ್ಲಿಯೂ ಅಷ್ಟೇ, ಎಂದು ಯಾರಾದರೂ ವಾದಿಸಬಹುದು. ಒಪ್ಪುತ್ತೇನೆ. ಆದರೆ ಸಮಯ ಕೊಲ್ಲಲು ಬಿಯರ್ ಸಾಕಿತ್ತು. ಹೊಸದನ್ನು ಸವಿಯುವ ಆಸೆ ಅವಳದು. ಹೊಸ ಪಾನೀಯಗಳ ರುಚಿ ನೋಡುವುದಷ್ಟೇ ನಮ್ಮ ಬದುಕಾಯಿತಲ್ಲ ಎಂದು ಕೊರಗುವವಳೂ ಅವಳೇ. ಅಪೆರಿಟಿಫ್ ಎಂದರೆ ಮುಂದೆ ಊಟವಿದೆ ಎಂಬ ಭರವಸೆ. ಈ ಮೇಜಿಗೆ ಊಟ ಬರುವುದೇ ಇಲ್ಲ. ಕೊನೆಯಲ್ಲಿ ಅವನು ಚೀಲಗಳನ್ನು ಆಚೆ ಬದಿಗೆ ಇಟ್ಟು ಬರುವಾಗ, ಒಳಗಿನ ಬಾರ್‌ನಲ್ಲಿ ಒಬ್ಬನೇ ಇನ್ನೊಂದು ಅನೀಸ್ ಕುಡಿಯುತ್ತಾನೆ. ಅವಳು ಆಸೆಪಟ್ಟ ರುಚಿಯೂ ಅವನದಾಯಿತು.

‘ಮದ್ಯ’ ಎಂದು ಬರೆದು ನಾನು ಅಳಿಸಿಹಾಕಿದ್ದು ಇದೆಲ್ಲವನ್ನು. ಆ ಪದ ಕನ್ನಡದಲ್ಲಿ ಕೂಡಲೇ ಚಟ, ಅಮಲು, ತಪ್ಪು ಎಂಬ ತೀರ್ಪುಗಳನ್ನು ಬೆನ್ನಿಗೇ ಕರೆತರುತ್ತದೆ. ಓದುಗ ಜಿಗ್‌ಳನ್ನು ಕೇಳಿಸಿಕೊಳ್ಳುವ ಮೊದಲೇ ಅಳೆದುಬಿಡುತ್ತಾನೆ. ಈ ಸಲ ‘ಅನೀಸ್’ ಹಾಗೆಯೇ ಉಳಿಯಲಿದೆ. ಲಿಕೊರಿಸ್‌ಗೆ ಮಾತ್ರ ನಮ್ಮಲ್ಲೇ ಹೆಸರಿದೆ. ಕೆಮ್ಮಿಗೆ ಮನೆಯಲ್ಲಿ ಕಷಾಯಕ್ಕೆ ಹಾಕುವ ಜ್ಯೇಷ್ಠಮಧು ಅದು. ಅದರ ಇನ್ನೊಂದು ಹೆಸರು ಅತಿಮಧುರ. ಬದುಕು ಸಪ್ಪೆಯಾಯಿತೆಂದು ದೂರುವ ಹುಡುಗಿಯ ಬಾಯಿಗೆ ‘ಅತಿಮಧುರ’ ಎಂಬ ಪದ ಬಂದರೆ ಅದರ ವ್ಯಂಗ್ಯ ಇಂಗ್ಲಿಷಿಗಿಂತ ಒಂದು ತೂಕ ಹೆಚ್ಚೇ. ಹಳೆಯ ಹಾಳೆಯಲ್ಲಿ ‘ಮದ್ಯ’ ಇದ್ದ ಕಡೆಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದೇನೆ. ತಿದ್ದುವ ಕೆಲಸ ಅಲ್ಲಿಂದ ಶುರು.