ದೇಯ್ನೊಸ್ ಮತ್ತು ಅಗುರ್ವು

ಸೊಫೋಕ್ಲೀಸನ ‘ಅಂತಿಗೊನೆ’ಯ ಪ್ರಸಿದ್ಧ ಮೇಳಗೀತವೊಂದು ಕಡಲು ದಾಟುವ, ನೆಲ ಉಳುವ, ಮಾತು ಕಲಿತ ಮನುಷ್ಯನನ್ನು ‘ದೇಯ್ನೊಸ್’ ಎಂಬ ವಿಶೇಷಣದಿಂದ ಅಳೆಯುತ್ತದೆ. ಇದನ್ನು ‘ಅದ್ಭುತ’ ಎಂದು ಅನುವಾದಿಸಿದರೆ ಗೀತವು ಸ್ತುತಿಯಾಗುತ್ತದೆ. ‘ಘೋರ’ ಎಂದರೆ ನಿಂದೆಯಾಗುತ್ತದೆ. ಎರಡೂ ಅರೆ ಅರ್ಥಗಳೆಂಬುದು ನನ್ನ ಆಕ್ಷೇಪ.

ಪದದ ಮೂಲದಲ್ಲಿರುವುದು ಭಯ. ರಿಚರ್ಡ್ ಓವನ್ 1842ರಲ್ಲಿ ಹೆಸರಿಸಿದ ‘ಡೈನೋಸಾರ್’ನ ಪೂರ್ವಪದ ಇದೇ. ಇಲಿಯಡ್‌ನ ಮೂರನೆಯ ಸರ್ಗದಲ್ಲಿ ಹೆಲೆನ್ ತನ್ನ ಮಾವ ಪ್ರಿಯಾಮನಿಗೆ ಈ ವಿಶೇಷಣವನ್ನು ಬಳಸುವಾಗ ಅಂಜಿಕೆಯೊಡನೆ ಗೌರವವೂ ಬೆರೆತಿದೆ. ಅಥೆನ್ಸಿನಲ್ಲಿ ಚತುರ ವಾಗ್ಮಿಯೂ ‘ದೇಯ್ನೊಸ್’ ಎನಿಸಿಕೊಂಡ. ಪ್ಲೇಟೋವಿನ ‘ಪ್ರೊತಾಗೊರಸ್’ ಸಂವಾದದಲ್ಲಿ ಸಾಕ್ರಟೀಸನು ಪ್ರೊದಿಕಸನ ತಕರಾರನ್ನು ನೆನೆಯುತ್ತಾನೆ: ರೋಗ, ಯುದ್ಧ, ಬಡತನಗಳಿಗೆ ಒಪ್ಪುವ ಈ ಪದವನ್ನು ಜ್ಞಾನಿಯ ಹೊಗಳಿಕೆಗೆ ಬಳಸುವುದು ನಾಚಿಕೆಯಲ್ಲವೆ? ನಾನೀಗಿರುವ ಕತಾರಿನ ಮೆಸಯೀದಿನಲ್ಲಿ ಕರಾವಳಿಯ ಕನ್ನಡಿಗರು ‘ಭಯಂಕರ ಸೆಕೆ’ ಎನ್ನುವಷ್ಟೇ ಸಹಜವಾಗಿ ‘ಭಯಂಕರ ಒಳ್ಳೆಯವರು’ ಎನ್ನುತ್ತಾರೆ. ಪ್ರೊದಿಕಸ್ ಅವರನ್ನೂ ತಿದ್ದುತ್ತಿದ್ದನೇನೋ! ಆದರೆ ಈ ‘ಭಯಂಕರ’ದಲ್ಲಿ ಭಯ ಸವೆದುಹೋಗಿದೆ, ಸೊಫೋಕ್ಲೀಸನಲ್ಲಿ ಅದು ಸವೆದಿಲ್ಲ.

ರೂಪಗಳ ಮಾತು. ದೇಯ್ನೊಸ್, ದೇಯ್ನೇ, ದೇಯ್ನೊನ್ ಎಂಬ ಪುಂ-ಸ್ತ್ರೀ-ನಪುಂಸಕ ರೂಪಗಳು ಹಳಗನ್ನಡದ ಪಿರಿಯಂ, ಪಿರಿಯಳ್, ಪಿರಿದು ಎಂಬುವನ್ನು ನೆನಪಿಸುತ್ತವೆ. ಈ ಹೋಲಿಕೆಯನ್ನು ಬಹುದೂರ ಒಯ್ಯಲಾಗದು. ಗ್ರೀಕಿನಲ್ಲಿ ನಾಮಪದದ ಹಿಂದೆ ನಿಂತಾಗಲೂ ವಿಶೇಷಣ ಲಿಂಗ-ವಚನ-ವಿಭಕ್ತಿಗಳನ್ನು ಅನುಸರಿಸುತ್ತದೆ; ಕನ್ನಡದಲ್ಲಿ ‘ಪಿರಿಯ’ ಅಲ್ಲಿ ಬದಲಾಗದು. ಗೀತದ ಆರಂಭದಲ್ಲಿರುವ ‘ದೇಯ್ನೊತೆರೊನ್’ ತರಭಾವದ ನಪುಂಸಕರೂಪ. ಕನ್ನಡಕ್ಕೆ ಅಂಥ ಪ್ರತ್ಯಯವಿಲ್ಲ. ‘ಇಂ’ ವಿಭಕ್ತಿ ಮತ್ತು ‘ಮಿಗಿಲ್’ ಅದರ ಭಾರ ಹೊರಬೇಕು. ಗ್ರೀಕ್ ಇಲ್ಲಿ ಬಳಸುವ ಷಷ್ಠಿಯೂ ಹಳೆಯ ಪಂಚಮಿಯ ಕೆಲಸವನ್ನೇ ಮಾಡುತ್ತದೆಯಾದ್ದರಿಂದ ಈ ಮಾರ್ಗ ಅಸಹಜವಲ್ಲ.

ಇನ್ನು ಅರ್ಥ. ಭಯವನ್ನೂ ಬೆರಗನ್ನೂ ಒಟ್ಟಿಗೆ ಹಿಡಿಯುವ ‘ಅಗುರ್ವು’ ಹಳಗನ್ನಡ ಕವಿಗಳಿಗೆ ಪರಿಚಿತ ಪದ. ಅದು ನಾಮಪದ, ವಿಶೇಷಣವಾಗಲು ‘ಅಗುರ್ವಿನ’ ಎಂದಾಗಬೇಕು. ಇದು ದೋಷವಲ್ಲ, ಮೇಳಗೀತದಲ್ಲಿಯೂ ವಿಶೇಷಣದ ನಪುಂಸಕ ಬಹುವಚನ ನಾಮಪದದಂತೆಯೇ ನಿಂತಿದೆ. ‘ಅಜಾಕ್ಸ್’ ನಾಟಕವನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿಸಿದ ಬಿ.ಎಂ.ಶ್ರೀ. ಹಳಗನ್ನಡವನ್ನೇ ಆರಿಸಿಕೊಂಡರು. ಆ ಆಯ್ಕೆಯನ್ನು ಪಾಂಡಿತ್ಯದ ಗೀಳೆಂದು ತಳ್ಳಿಹಾಕುವವರು ಇಂಥ ಪದಗಳ ಮುಂದೆ ಒಮ್ಮೆ ನಿಲ್ಲಬೇಕು.

ರಂಗದ ಮೇಲೆ ಅಡಿಟಿಪ್ಪಣಿಗೆ ಎಡೆಯಿಲ್ಲ, ನಿಜ. ಆಡುವ ಪ್ರತಿಯಲ್ಲಿ ‘ಭಯಂಕರ’ವನ್ನು ಪರೀಕ್ಷಿಸಬಹುದು, ನಟನ ದನಿ ಅದಕ್ಕೆ ಸವೆದ ಭಯವನ್ನು ಮರಳಿ ತಂದೀತು. ಓದುವ ಪ್ರತಿಯಲ್ಲಿ ‘ಅಗುರ್ವು’ ಇರಲಿ.