ನಾಯಕ ಮತ್ತೆ ಹುಟ್ಟುತ್ತಾನೆ, ನೆರೆಯವ ಸಾಯುತ್ತಾನೆ

ಕಂಪ್ಯೂಟರ್ ಕೈಕೊಟ್ಟಾಗ ನಾವು ಮಾಡುವ ಮೊದಲ ಕೆಲಸ ಅದನ್ನು ಆರಿಸಿ ಮತ್ತೆ ಚಾಲೂ ಮಾಡುವುದು. ಇದಕ್ಕೆ ರೀಬೂಟ್ ಎಂದು ಹೆಸರು. ಹಾಲಿವುಡ್ ಈ ಪದವನ್ನು ಎರವಲು ಪಡೆದು ತನ್ನ ವ್ಯಾಪಾರಕ್ಕೆ ಒಗ್ಗಿಸಿಕೊಂಡಿದೆ. ಹಳೆಯ ಚಿತ್ರಗಳಲ್ಲಿ ನಡೆದದ್ದೆಲ್ಲವೂ ನಡೆದೇ ಇಲ್ಲವೆಂದು ಬಗೆದು, ಅದೇ ನಾಯಕನ ಕಥೆಯನ್ನು ಹೊಸ ನಟನೊಂದಿಗೆ ಮೊದಲಿನಿಂದ ಹೇಳುವುದೇ ಸಿನಿಮಾದ ರೀಬೂಟ್. 2002ರಲ್ಲಿ ಟೋಬಿ ಮಗ್ವಾಯರ್ ಸ್ಪೈಡರ್‌ಮ್ಯಾನ್ ಆದರು. ಹತ್ತು ವರ್ಷ ತುಂಬುವಷ್ಟರಲ್ಲಿ, 2012ರಲ್ಲಿ, ಆಂಡ್ರ್ಯೂ ಗಾರ್‌ಫೀಲ್ಡ್ ಅದೇ ಹುಡುಗನಾಗಿ ಮತ್ತೆ ಅದೇ ಶಾಲೆಗೆ ಹೋದರು. 2017ರಲ್ಲಿ ಟಾಮ್ ಹಾಲೆಂಡ್ ಸರದಿ. ಬ್ಯಾಟ್‌ಮ್ಯಾನ್ 2005ರಲ್ಲಿ ಮತ್ತೆ ಹುಟ್ಟಿದ, 2022ರಲ್ಲಿ ಇನ್ನೊಮ್ಮೆ ಹುಟ್ಟಿದ. ಸೂಪರ್‌ಮ್ಯಾನ್ 2013ರಲ್ಲೊಮ್ಮೆ, 2025ರ ಜುಲೈನಲ್ಲಿ ಮತ್ತೊಮ್ಮೆ.

ಒಂದೇ ಕಥೆಯನ್ನು ಇಷ್ಟು ಸಲ ಹೇಳುವುದೇಕೆ? ಕೇಳುವವರು ಬೇಸರಗೊಳ್ಳುವುದಿಲ್ಲವೇ?

ಈ ಪ್ರಶ್ನೆಗೆ ಅವಸರದಿಂದ ಮೂಗುಮುರಿಯುವುದು ಸರಿಯಲ್ಲ. ಕಥೆಯನ್ನು ಮತ್ತೆ ಮತ್ತೆ ಹೇಳುವುದು ನಮಗೂ ಹೊಸತಲ್ಲ. ಪಂಪ ಹೇಳಿದ ಭಾರತವನ್ನೇ ಕುಮಾರವ್ಯಾಸ ಮತ್ತೆ ಹೇಳಿದ. ಪಂಪನ ಅರ್ಜುನ ಬೇರೆ, ಕುಮಾರವ್ಯಾಸನ ಕೃಷ್ಣ ಬೇರೆ. ಕರಾವಳಿಯ ಬಯಲಾಟದಲ್ಲಿ ಕರ್ಣ ಸಾಯುತ್ತಾನೆಂಬುದು ಚೌಕಿಯಿಂದ ಹಿಡಿದು ಚಾಪೆಯ ತನಕ ಎಲ್ಲರಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕುಳಿತು ನೋಡುತ್ತಾರೆ. ಉತ್ತರ ಕರ್ನಾಟಕದ ಮೊಹರಂ ಪದಗಳಲ್ಲಿ ಕರ್ಬಲಾದ ಕಥೆ ವರ್ಷಂಪ್ರತಿ ಹೊಸದಾಗಿ ಕಣ್ಣೀರು ತರಿಸುತ್ತದೆ, ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಮರುಕಥನ ಕಥೆಗೆ ಬರುವ ರೋಗವಲ್ಲ, ಅದರ ಆಯುಷ್ಯ.

ಹಾಗಾದರೆ ವ್ಯತ್ಯಾಸವೆಲ್ಲಿ? ಕುಮಾರವ್ಯಾಸ ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ. ಮೊಹರಂ ಪದ ಕಟ್ಟುವವನು ಯಾವ ಕಂಪೆನಿಗೂ ಹಣ ಕಟ್ಟಬೇಕಿಲ್ಲ. ಸೂಪರ್‌ಮ್ಯಾನ್‌ನ ಕಥೆ ಹಾಗಲ್ಲ. ಅದಕ್ಕೊಬ್ಬ ಮಾಲೀಕನಿದ್ದಾನೆ, ಮತ್ತು ಆ ಮಾಲೀಕ ಅದನ್ನು ಸೃಷ್ಟಿಸಿದವನಲ್ಲ.

ಯಹೂದಿ ವಲಸಿಗ ಕುಟುಂಬಗಳ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಕ್ಲೀವ್‌ಲ್ಯಾಂಡ್ ನಗರದಲ್ಲಿ ಕುಳಿತು ಈ ಪಾತ್ರವನ್ನು ಕಟ್ಟಿದರು. 1938ರಲ್ಲಿ ಅದರ ಹಕ್ಕನ್ನು ಪ್ರಕಾಶಕರಿಗೆ ಮಾರಿದ ಬೆಲೆ 130 ಡಾಲರ್. ಪ್ರಕಾಶಕರು ಕೋಟಿಗಟ್ಟಲೆ ಗಳಿಸಿದರು, ಸೃಷ್ಟಿಕರ್ತರು ನ್ಯಾಯಾಲಯಗಳಿಗೆ ಅಲೆದರು. ಶುಸ್ಟರ್‌ನ ದೃಷ್ಟಿ ಮಂದವಾಯಿತು, ಸೀಗಲ್ ಗುಮಾಸ್ತಿಕೆ ಮಾಡಿ ಬದುಕಿದ. ದೊಡ್ಡ ಬಜೆಟ್ಟಿನ ಚಿತ್ರ ಬರಲಿದೆಯೆಂಬ ಸುದ್ದಿ ಹಬ್ಬಿದಾಗ ಸೀಗಲ್ ಪತ್ರಿಕೆಗಳ ಮುಂದೆ ತಮ್ಮ ಸಂಕಟ ತೋಡಿಕೊಂಡ. ಸಹ ಕಲಾವಿದರು ಬೆಂಬಲಕ್ಕೆ ನಿಂತರು. 1975ರ ಕೊನೆಗೆ ವಾರ್ನರ್ ಕಂಪೆನಿ ಇಬ್ಬರಿಗೂ ವರ್ಷಕ್ಕೆ ತಲಾ 20,000 ಡಾಲರ್ ಕೊಡಲು, ಅವರ ಹೆಸರನ್ನು ಕೃತಿಯ ಮೇಲೆ ಮತ್ತೆ ಹಾಕಲು ಒಪ್ಪಿತು. ದುರ್ಬಲರಿಗೆ ನ್ಯಾಯ ಕೊಡಿಸಲೆಂದು ಹುಟ್ಟಿದ ನಾಯಕ ತನ್ನನ್ನು ಹೆತ್ತವರಿಗೆ ನ್ಯಾಯ ಕೊಡಿಸಲು 37 ವರ್ಷ ತೆಗೆದುಕೊಂಡ.

ಸ್ಪೈಡರ್‌ಮ್ಯಾನ್‌ನ ಮರುಹುಟ್ಟಿನ ಹಿಂದೆಯೂ ಕಲೆಗಿಂತ ಕರಾರುಪತ್ರವೇ ಹೆಚ್ಚು ಕೆಲಸ ಮಾಡಿದೆ. ಮಾರ್ವೆಲ್ ಕಂಪೆನಿ 1996ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಕಷ್ಟದ ಕಾಲದಲ್ಲಿ ತನ್ನ ಪಾತ್ರಗಳ ಸಿನಿಮಾ ಹಕ್ಕನ್ನು ಒಬ್ಬೊಬ್ಬರಿಗೆ ಒಂದೊಂದಾಗಿ ಮಾರಿತು. ಸ್ಪೈಡರ್‌ಮ್ಯಾನ್ ಸೋನಿಯ ಪಾಲಾದ. ಕರಾರಿನ ಪ್ರಕಾರ ನಿಗದಿತ ಅವಧಿಯೊಳಗೆ ಹೊಸ ಚಿತ್ರ ತೆಗೆಯದಿದ್ದರೆ ಹಕ್ಕು ವಾಪಸು ಹೋಗುತ್ತದೆ. 2010ರ ಜನವರಿಯಲ್ಲಿ ಸ್ಯಾಮ್ ರೈಮಿಯವರ ನಾಲ್ಕನೆಯ ಚಿತ್ರ ನಿಂತುಹೋದಾಗ ಸೋನಿ ಸುಮ್ಮನೆ ಕೂರುವಂತಿರಲಿಲ್ಲ. ಹೀಗೆ 2012ರ ರೀಬೂಟ್ ಹುಟ್ಟಿತು. ಬೆನ್ ಚಿಕ್ಕಪ್ಪ ಮತ್ತೊಮ್ಮೆ ಗುಂಡೇಟಿಗೆ ಬಲಿಯಾದದ್ದು ಕಥೆಯ ಅಗತ್ಯಕ್ಕಷ್ಟೇ ಅಲ್ಲ, ಗಡುವಿನ ಅಗತ್ಯಕ್ಕೂ ಹೌದು.

ಇಷ್ಟೆಲ್ಲ ಗೊತ್ತಿದ್ದೂ ಜನ ಈ ಪಾತ್ರಗಳನ್ನು ಪ್ರೀತಿಸುತ್ತಾರೆ. ಪ್ರೀತಿಸುವವರನ್ನು ದಡ್ಡರೆಂದು ಕರೆಯಲು ನಾವು ಸಿದ್ಧರಿಲ್ಲ. ಪೀಟರ್ ಪಾರ್ಕರ್ ಬಾಡಿಗೆ ಕಟ್ಟಲು ಒದ್ದಾಡುವ ಹುಡುಗ. ಫೋಟೋ ಮಾರಿ ಜೀವನ ಸಾಗಿಸುತ್ತಾನೆ, ಚಿಕ್ಕಮ್ಮನ ಮುಂದೆ ತಪ್ಪಿತಸ್ಥನಂತೆ ನಿಲ್ಲುತ್ತಾನೆ. ಅವನಲ್ಲಿ ತಮ್ಮನ್ನು ಕಂಡುಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಪೊಲೀಸು, ಕೋರ್ಟು, ಸರಕಾರ ಯಾವುದೂ ಕೈಹಿಡಿಯದ ಕಡೆ ಒಬ್ಬ ಬಂದು ಕಾಪಾಡಲಿ ಎಂಬ ಆಸೆ ಮನುಷ್ಯನಷ್ಟೇ ಹಳೆಯದು. ಪ್ರಶ್ನೆ ಇರುವುದು ಆಸೆಯ ಬಗ್ಗೆ ಅಲ್ಲ. ಆ ಆಸೆಯನ್ನು ಮಾರುವವರು ಯಾರನ್ನು ಶತ್ರುವಾಗಿ ನಿಲ್ಲಿಸುತ್ತಾರೆ, ಯಾರನ್ನು ಬಲಿ ಕೊಡುತ್ತಾರೆ ಎಂಬುದರ ಬಗ್ಗೆ.

ಐರನ್‌ಮ್ಯಾನ್‌ನ ಉದಾಹರಣೆ ತೆಗೆದುಕೊಳ್ಳೋಣ. 1963ರಲ್ಲಿ ಕಾಮಿಕ್ಸ್ ಪುಟಗಳಲ್ಲಿ ಅವನು ಹುಟ್ಟಿದಾಗ, ಆಯುಧ ತಯಾರಕ ಟೋನಿ ಸ್ಟಾರ್ಕ್ ಸೆರೆ ಸಿಕ್ಕಿದ್ದು ವಿಯೆಟ್ನಾಂನಲ್ಲಿ. 2008ರ ಚಿತ್ರದಲ್ಲಿ ಅವನು ಸೆರೆಯಾದದ್ದು ಅಫ್ಘಾನಿಸ್ತಾನದಲ್ಲಿ. ಎದೆಯ ಗಾಯ ಅದೇ, ಕಬ್ಬಿಣದ ಕವಚವೂ ಅದೇ. ಅಮೆರಿಕ ಎಲ್ಲಿ ಯುದ್ಧ ಮಾಡುತ್ತಿದೆಯೋ ಆ ದೇಶದ ಹೆಸರನ್ನು ಬರೆಯಲು ಮಾತ್ರ ಜಾಗ ಖಾಲಿ ಬಿಟ್ಟಂತಿದೆ. ಚಿತ್ರೀಕರಣಕ್ಕೆ ಅಮೆರಿಕದ ರಕ್ಷಣಾ ಇಲಾಖೆಯ ಸಹಕಾರವಿತ್ತು, ವಾಯುಪಡೆಯ ನೆಲೆಯಲ್ಲೇ ಕೆಲ ದೃಶ್ಯಗಳನ್ನು ತೆಗೆದರು.

ಆದರೆ ಚಿತ್ರವನ್ನು ಬರೀ ಪ್ರಚಾರವೆಂದು ತಳ್ಳಿಹಾಕಿದರೆ ಅದಕ್ಕೆ ಅನ್ಯಾಯವಾಗುತ್ತದೆ. ತನ್ನನ್ನು ಸೆರೆಹಿಡಿದವರ ಕೈಯಲ್ಲಿರುವುದು ತನ್ನದೇ ಕಾರ್ಖಾನೆಯ ಆಯುಧವೆಂಬುದನ್ನು ಸ್ಟಾರ್ಕ್ ಕಾಣುತ್ತಾನೆ. ನಿಜವಾದ ಖಳ ಅವನ ಕಂಪೆನಿಯ ಪಾಲುದಾರನೇ ಆಗಿರುತ್ತಾನೆ. 2013ರ ಮೂರನೆಯ ಚಿತ್ರ ಇನ್ನೂ ಮುಂದೆ ಹೋಯಿತು. ಗಡ್ಡ ಬಿಟ್ಟು ಕ್ಯಾಮೆರಾದ ಮುಂದೆ ಅಬ್ಬರಿಸುವ ಭಯೋತ್ಪಾದಕ, ಅಮೆರಿಕದ ಉದ್ಯಮಿಯೊಬ್ಬ ಸಂಬಳಕ್ಕಿಟ್ಟುಕೊಂಡ ಕುಡುಕ ನಟನೆಂದು ಅದರಲ್ಲಿ ಬಯಲಾಗುತ್ತದೆ. ಭಯದ ಮುಖವನ್ನು ಹೇಗೆ ತಯಾರಿಸುತ್ತಾರೆ ಎಂಬುದನ್ನು ಇಷ್ಟು ನೇರವಾಗಿ ನಕ್ಕು ತೋರಿಸಿದ ವಾಣಿಜ್ಯ ಚಿತ್ರಗಳು ಕಡಿಮೆ.

ಹೀಗಿದ್ದೂ ಒಂದು ವಿಷಯ ನಮ್ಮನ್ನು ಬಿಡದೆ ಕಾಡುತ್ತದೆ. ಅದು ಯಿನ್ಸೆನ್‌ನ ಸಾವು. ಮೊದಲ ಚಿತ್ರದಲ್ಲಿ ಸ್ಟಾರ್ಕ್‌ನ ಜೀವ ಉಳಿಸುವವನು ಗುಲ್ಮಿರಾ ಎಂಬ ಹಳ್ಳಿಯ ಈ ವೈದ್ಯ. ಗುಹೆಯಲ್ಲಿ ಅವನ ಎದೆಗೆ ಶಸ್ತ್ರಚಿಕಿತ್ಸೆ ಮಾಡುತ್ತಾನೆ, ಕವಚ ಕಟ್ಟಲು ನೆರವಾಗುತ್ತಾನೆ, ಕೊನೆಗೆ ಕವಚ ಸಿದ್ಧವಾಗುವಷ್ಟು ಸಮಯ ದೊರಕಿಸಿಕೊಡಲು ತಾನೇ ಬಂದೂಕುಗಳ ಎದುರು ಓಡುತ್ತಾನೆ. ಅವನ ಸಂಸಾರ ಮೊದಲೇ ನಾಶವಾಗಿತ್ತೆಂದು ಸಾಯುವಾಗ ತಿಳಿಯುತ್ತದೆ. ಸ್ಟಾರ್ಕ್‌ನ ಆತ್ಮಸಾಕ್ಷಿ ಎಚ್ಚರಗೊಳ್ಳುವುದು ಆ ಹೆಣದ ಪಕ್ಕದಲ್ಲಿ. ಅಲ್ಲಿಂದ ಮುಂದಿನದೆಲ್ಲ ಸ್ಟಾರ್ಕ್‌ನ ಕಥೆ.

ಹದಿನೇಳು ವರ್ಷ ಕಳೆದು 2025ರ ಸೂಪರ್‌ಮ್ಯಾನ್ ಬಂತು. ಜೇಮ್ಸ್ ಗನ್ ನಿರ್ದೇಶಿಸಿದ ಈ ಚಿತ್ರ ಹಲವು ವಿಷಯಗಳಲ್ಲಿ ಮನಸ್ಸು ಗೆಲ್ಲುತ್ತದೆ. ಬೊರೇವಿಯಾ ಎಂಬ ಶಸ್ತ್ರಸಜ್ಜಿತ ದೇಶ ಜರ್ಹಾನ್‌ಪುರವೆಂಬ ಬಡ ನೆರೆರಾಷ್ಟ್ರದ ಮೇಲೆ ದಂಡೆತ್ತಿ ಹೋಗುತ್ತದೆ. ಬೊರೇವಿಯಾದ ಬೆನ್ನ ಹಿಂದೆ ಲೆಕ್ಸ್ ಲೂಥರ್‌ನ ಆಯುಧಗಳಿವೆ. ಅವನ ಕಣ್ಣಿರುವುದು ಜರ್ಹಾನ್‌ಪುರದ ನೆಲದ ಮೇಲೆ. ಗಡಿಯಲ್ಲಿ ನಿಂತ ಬರಿಗೈ ಜನರನ್ನು ಕಂಡಾಗ ಜಗತ್ತಿನ ಬಹಳಷ್ಟು ಪ್ರೇಕ್ಷಕರಿಗೆ ಗಾಝಾ ನೆನಪಾಯಿತು. ಆ ಸಂಘರ್ಷವನ್ನು ಮನಸ್ಸಿನಲ್ಲಿಟ್ಟು ಬರೆದದ್ದಲ್ಲವೆಂದು ನಿರ್ದೇಶಕರು ಹೇಳಿದ್ದಾರೆ, ಅದನ್ನು ನಂಬದಿರಲು ಕಾರಣವಿಲ್ಲ. ಏಕೆಂದರೆ ಈ ಎಳೆ 1938ರಷ್ಟು ಹಳೆಯದು. ಸೀಗಲ್ ಮತ್ತು ಶುಸ್ಟರ್ ಬರೆದ ಮೊದಲ ಎರಡು ಸಂಚಿಕೆಗಳಲ್ಲೇ ಸೂಪರ್‌ಮ್ಯಾನ್ ಹೆಂಡತಿಯನ್ನು ಹೊಡೆಯುವ ಗಂಡನನ್ನು ತಡೆದಿದ್ದ, ಲಾಭಕ್ಕಾಗಿ ಯುದ್ಧ ಹೊತ್ತಿಸುವ ಆಯುಧ ವ್ಯಾಪಾರಿಯನ್ನು ರಣರಂಗಕ್ಕೇ ಎಳೆದೊಯ್ದಿದ್ದ. ಆ ಹಳೆಯ ಸಿಟ್ಟನ್ನು ಹೊಸ ಚಿತ್ರ ಮತ್ತೆ ನೆನಪಿಸಿಕೊಂಡದ್ದು ಅದರ ಹೆಚ್ಚುಗಾರಿಕೆ.

ಆದರೆ ಇಲ್ಲಿಯೂ ಒಬ್ಬ ಇದ್ದಾನೆ. ಮಾಲಿಕ್ ಅಲಿ, ಬೀದಿಯಲ್ಲಿ ಫಲಾಫೆಲ್ ಮಾರುವವನು. ಸೂಪರ್‌ಮ್ಯಾನ್‌ಗೆ ಹಿಂದೊಮ್ಮೆ ಕಾಸು ತೆಗೆದುಕೊಳ್ಳದೆ ತಿನ್ನಲು ಕೊಟ್ಟವನು. ನಾಯಕ ರಸ್ತೆಯಲ್ಲಿ ಪೆಟ್ಟು ತಿಂದು ಬಿದ್ದಾಗ ಮುಂದೆ ಬಂದು ಎಬ್ಬಿಸುವವನು. ಅಷ್ಟೇ ಅವನ ಅಪರಾಧ. ಲೂಥರ್ ಅವನನ್ನು ಹಿಡಿದು ತಂದು, ಸೂಪರ್‌ಮ್ಯಾನ್‌ನ ಬಾಯಿ ಬಿಡಿಸಲು, ಅವನ ಕಣ್ಣೆದುರೇ ಹಣೆಗೆ ಗುಂಡಿಟ್ಟು ಕೊಲ್ಲುತ್ತಾನೆ. ಪ್ರೇಕ್ಷಕರಿಗೆ ಲೂಥರ್‌ನ ಕ್ರೌರ್ಯ ಅರ್ಥವಾಗುತ್ತದೆ, ಕಥೆ ಮುಂದೆ ಓಡುತ್ತದೆ. ಅಲಿಯ ಮನೆ, ಅವನ ತಳ್ಳುಗಾಡಿಯನ್ನು ಮರುದಿನ ಯಾರು ತಳ್ಳಿದರು ಎಂಬುದು ನಮಗೆ ಕಾಣುವುದಿಲ್ಲ.

ಯಿನ್ಸೆನ್ ಮತ್ತು ಮಾಲಿಕ್ ಅಲಿ ಇಬ್ಬರೂ ಒಳ್ಳೆಯವರು. ಹಳೆಯ ಚಿತ್ರಗಳಲ್ಲಿ ಇಂತಹ ಹೆಸರು, ಇಂತಹ ಊರಿನವರು ಬಾಂಬು ಹಿಡಿದೇ ಬರುತ್ತಿದ್ದರು. ಈಗ ಕೈಚಾಚಿ ಎಬ್ಬಿಸುವವರಾಗಿ ಬರುತ್ತಾರೆ. ಇದು ಸುಧಾರಣೆಯಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಸುಧಾರಣೆಯೇ. ಆದರೆ ಒಳ್ಳೆಯವನಾಗಿರುವುದಕ್ಕೆ ಅವನು ತೆರಬೇಕಾದ ಬೆಲೆ ಜೀವವೇ ಆಗಿರಬೇಕೇ? ಬದುಕಿ ಉಳಿದು, ನಾಯಕನೊಂದಿಗೆ ಜಗಳವಾಡಿ, ಮುಂದಿನ ಚಿತ್ರಕ್ಕೂ ಬರುವ ಹಕ್ಕು ಅವನಿಗೇಕಿಲ್ಲ?

ಆ ಹಕ್ಕು ಸಿಕ್ಕಿದ್ದು ಕಮಲಾ ಖಾನ್ ಎಂಬ ಹುಡುಗಿಗೆ. ಜೆರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಈ ಮುಸ್ಲಿಂ ಹದಿಹರೆಯದವಳು 2014ರಲ್ಲಿ ಮಿಸ್ ಮಾರ್ವೆಲ್ ಎಂಬ ಹೆಸರಿನ ಸ್ವಂತ ಕಾಮಿಕ್ಸ್ ಪಡೆದಳು. ಬರೆದವರು ಜಿ. ವಿಲ್ಲೋ ವಿಲ್ಸನ್, ಸಂಪಾದಕರು ಸನಾ ಅಮಾನತ್, ಚಿತ್ರ ಬರೆದವರು ಏಡ್ರಿಯನ್ ಅಲ್ಫೋನಾ. ರೂಪ ಬದಲಿಸುವ ಶಕ್ತಿ ಬಂದಾಗ ಕಮಲಾ ಮೊದಲು ಮಾಡಿದ್ದೇನು ಗೊತ್ತೇ? ತಾನು ಆರಾಧಿಸುತ್ತಿದ್ದ ಬಿಳಿ ಮೈಬಣ್ಣದ, ಹೊಂಗೂದಲಿನ ನಾಯಕಿಯ ರೂಪ ತಾಳಿದಳು. ಆ ರೂಪ ತನಗೆ ಒಗ್ಗುವುದಿಲ್ಲವೆಂದು ಅರಿತು ತನ್ನ ಮುಖಕ್ಕೆ ಮರಳಿದಳು. ಅಲ್ಪಸಂಖ್ಯಾತ ಮನೆಯಲ್ಲಿ ಬೆಳೆದ ಮಗುವಿನ ಒಳಗುದಿಯನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದ ಬಸ್ಸುಗಳ ಮೇಲಿದ್ದ ಮುಸ್ಲಿಂ ವಿರೋಧಿ ಜಾಹೀರಾತುಗಳ ಮೇಲೆ ಯಾರೋ ಕಮಲಾಳ ಚಿತ್ರಗಳನ್ನು ಅಂಟಿಸಿದರು. ಯಾವ ಕಂಪೆನಿಯ ಅಪ್ಪಣೆಯೂ ಇರಲಿಲ್ಲ. ಆ ಒಂದು ದಿನ ಅವಳು ಮಾಲೀಕರ ಸೊತ್ತಾಗಿರದೆ ಜನರ ಪಾತ್ರವಾಗಿದ್ದಳು. ಬಯಲಾಟದ ಕರ್ಣನಂತೆ, ಮೊಹರಂ ಪದದ ವೀರರಂತೆ.

2022ರಲ್ಲಿ ಕಮಲಾ ಕಿರುತೆರೆಗೆ ಬಂದಳು. 1947ರ ವಿಭಜನೆಯ ರೈಲು ನಿಲ್ದಾಣವನ್ನು ಅಮೆರಿಕದ ಮಕ್ಕಳು ಒಬ್ಬ ಸೂಪರ್‌ಹೀರೋ ಕಥೆಯಲ್ಲಿ ನೋಡಿದರು. ಮರುವರ್ಷದ ಮೇ ತಿಂಗಳಲ್ಲಿ ಏನಾಯಿತು? ಕಾಮಿಕ್ಸ್‌ನಲ್ಲಿ ಅವಳು ಸತ್ತಳು. ಸತ್ತದ್ದು ತನ್ನ ಪತ್ರಿಕೆಯಲ್ಲಲ್ಲ, ಸ್ಪೈಡರ್‌ಮ್ಯಾನ್‌ನ ಪತ್ರಿಕೆಯಲ್ಲಿ. ಮೇರಿ ಜೇನ್‌ಳ ಜೀವ ಉಳಿಸಲು ಅವಳ ರೂಪ ತಾಳಿ ಇರಿತಕ್ಕೆ ಎದೆಯೊಡ್ಡಿದಳು. ಬೇರೆಯವರ ಮುಖ ತನಗೆ ಬೇಡವೆಂದು ಕಲಿತ ಹುಡುಗಿಯನ್ನು ಬೇರೆಯವರ ಮುಖದಲ್ಲೇ, ಬೇರೆಯವರ ಕಥೆಗಾಗಿ ಕೊಂದರು. ಎರಡು ತಿಂಗಳಿಗೆ ಮತ್ತೆ ಬದುಕಿಸಿದರು, ಸಿನಿಮಾಕ್ಕೆ ಹೊಂದುವ ಹೊಸ ಗುರುತೊಂದನ್ನು ಅಂಟಿಸಿ. ಆ ನವೆಂಬರ್‌ನಲ್ಲಿ ಅವಳಿದ್ದ ದಿ ಮಾರ್ವೆಲ್ಸ್ ಚಿತ್ರ ನಷ್ಟ ಅನುಭವಿಸಿತು.

ರೀಬೂಟಿನ ಅಸಲು ತೊಂದರೆ ಇಲ್ಲಿದೆಯೆಂದು ನಮಗನ್ನಿಸುತ್ತದೆ. ಅದು ಕಥೆಯನ್ನು ಮತ್ತೆ ಹೇಳುವುದಿಲ್ಲ, ಲೆಕ್ಕದ ಪುಸ್ತಕವನ್ನು ಸುಟ್ಟುಹಾಕುತ್ತದೆ. 2013ರ ಚಿತ್ರದಲ್ಲಿ ಸೂಪರ್‌ಮ್ಯಾನ್‌ನ ಕಾಳಗದಿಂದ ಮೆಟ್ರೊಪೊಲಿಸ್ ನಗರದ ಗಗನಚುಂಬಿ ಕಟ್ಟಡಗಳು ಮಣ್ಣುಗೂಡಿದವು. 2016ರ ಚಿತ್ರ ಅದರ ಹೊಣೆ ಯಾರದೆಂದು ಕೇಳತೊಡಗಿತ್ತು, ವಿಚಾರಣೆಯನ್ನೂ ಕರೆದಿತ್ತು. 2025ರಲ್ಲಿ ಎಲ್ಲವೂ ಸೊನ್ನೆಯಿಂದ ಶುರು. ಸತ್ತವರು ಸತ್ತೇ ಇಲ್ಲ, ಏಕೆಂದರೆ ಅವರು ಇದ್ದೇ ಇರಲಿಲ್ಲ. ನಮ್ಮ ಹಳೆಯ ಮರುಕಥನಗಳು ಹೀಗಲ್ಲ. ಯಾರೆಷ್ಟೇ ಸಲ ಹೇಳಿದರೂ ಅಭಿಮನ್ಯುವಿನ ಸಾವು ಸಾವೇ, ಕರ್ಬಲಾದ ಬಾಯಾರಿಕೆ ಬಾಯಾರಿಕೆಯೇ. ಮತ್ತೆ ಹೇಳುವುದು ಮರೆಯದಿರಲೆಂದು.

ನಮ್ಮ ಮಕ್ಕಳನ್ನು ಈ ಚಿತ್ರಗಳಿಂದ ದೂರವಿಡಬೇಕೆಂದು ನಾವು ಹೇಳುತ್ತಿಲ್ಲ. ಅದು ಸಾಧ್ಯವೂ ಅಲ್ಲ. 2023ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು. ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನ್ ಅದರಲ್ಲಿ ಕನ್ನಡ ಮಾತಾಡಿದ. ಮಕ್ಕಳು ನೋಡಲಿ, ನಗಲಿ. ಮನೆಗೆ ಮರಳುವ ದಾರಿಯಲ್ಲಿ ಅವರೊಡನೆ ಒಂದು ಮಾತು ಆಡಿದರೆ ಸಾಕು. ನಾಯಕ ಹೇಗೆ ಹಾರಿದ ಎಂದು ಅವರು ಹೇಳಿ ಮುಗಿಸಿದ ಮೇಲೆ, ಅವನು ಬಿದ್ದಾಗ ಎಬ್ಬಿಸಿದವನ ಹೆಸರೇನು ಎಂದು ಕೇಳೋಣ. ಅವರಿಗೆ ಆ ಹೆಸರು ನೆನಪಿದ್ದರೆ, ಮುಂದಿನ ರೀಬೂಟ್ ಅವನನ್ನು ಅಷ್ಟು ಸುಲಭದಲ್ಲಿ ಅಳಿಸಿಹಾಕಲಾರದು.