ಮೊದಲು ತಳ, ಆಮೇಲೆ ಸರಪಳಿ

ತೋರಣಗಲ್ಲು, ಹೊಸಪೇಟೆ, ಚಿತ್ರದುರ್ಗದ ಹೆದ್ದಾರಿಯಲ್ಲಿ ಓಡಾಡುವವರಿಗೆ ಉಕ್ಕಿನ ಕಾಯಿಲು, ಅಂದರೆ ಸುರುಳಿ ಸುತ್ತಿದ ಉಕ್ಕಿನ ತಗಡು, ಹೊತ್ತ ಟ್ರೇಲರ್ ದಿನನಿತ್ಯದ ನೋಟ. ಚಪ್ಪಟೆ ಹಾಸಿನ ಮೇಲೆ ಒಂದೋ ಎರಡೋ ಉರುಳೆ, ಅವುಗಳ ಮೇಲೆ ಹಾಯ್ದ ಸರಪಳಿ, ಬುಡದಲ್ಲಿ ಮರದ ಬೆಣೆ. ಹಾಟ್ ರೋಲ್ಡ್ ಕಾಯಿಲು ಒಂದೊಂದೂ 20 ಟನ್ ದಾಟುವುದು ಸಾಮಾನ್ಯ. ಪಕ್ಕದಲ್ಲಿ ಬೈಕಿನವನು ಹೋಗುತ್ತಿರುತ್ತಾನೆ, ಮುಂದೆ ಕ್ಯಾಬಿನ್ನಿನಲ್ಲಿ ಡ್ರೈವರ್ ಕೂತಿರುತ್ತಾನೆ. ಇಬ್ಬರ ಜೀವವೂ ಆ ಕಟ್ಟಿನ ಮೇಲೆ ನಿಂತಿದೆ. ಸೇತುವೆಯ ಗುಣಮಟ್ಟ, ಬಸ್ಸಿನ ಗುಣಮಟ್ಟ ಎಂದು ಇಷ್ಟೆಲ್ಲ ಚರ್ಚೆ ಮಾಡುವ ನಾವು ಕಾಯಿಲನ್ನು ಹಿಡಿದಿಡುವ ಈ ಸಲಕರಣೆಯನ್ನು ಒಮ್ಮೆಯಾದರೂ ಕೂಲಂಕಷವಾಗಿ ನೋಡಬೇಕು.

ನೋಡುವವರ ಗಮನ ಹೋಗುವುದು ಸರಪಳಿಯ ಕಡೆಗೆ. ಎಷ್ಟು ಸುತ್ತು ಬಿಗಿದಿದ್ದಾರೆ ಎಂದು ಎಣಿಸಿ ಸಮಾಧಾನಪಡುತ್ತೇವೆ. ನನ್ನ ತಕರಾರು ಇಲ್ಲಿಂದಲೇ ಶುರು. ಕಾಯಿಲನ್ನು ಮೊದಲು ಹಿಡಿಯಬೇಕಾದ್ದು ಅದರ ಕೆಳಗಿನ ಆನಿಕೆ. ಆನಿಕೆ ಸೋತ ಮೇಲೆ ಸರಪಳಿ ಒಂಟಿಯಾಗಿ ಗೆಲ್ಲುವುದಿಲ್ಲ.

ಒಂದು ಲೆಕ್ಕ ನೋಡಿ. 1.8 ಮೀಟರ್ ವ್ಯಾಸದ ಕಾಯಿಲನ್ನು ಅದರ ನಡುವಿನ ತೂತು, ಅಂದರೆ ಕಣ್ಣು, ರಸ್ತೆಯ ಅಂಚಿನತ್ತ ಇರುವಂತೆ ಹಾಸಿನ ಮೇಲೆ ಇಟ್ಟಿದ್ದಾರೆ ಎನ್ನಿ. ಅದು ಉರುಳಿದರೆ ಮುಂದಕ್ಕೇ ಉರುಳಬೇಕು. ಅದಕ್ಕೆ ಅಡ್ಡಲಾಗಿ 10 ಸೆಂಟಿಮೀಟರ್ ಎತ್ತರದ ಮರದ ತುಂಡು. ಬ್ರೇಕ್ ಒತ್ತಿದೊಡನೆ ಕಾಯಿಲು ಆ ತುಂಡಿನ ಅಂಚನ್ನು ಊರಿಕೊಂಡು ಮೇಲೇರಲು ನೋಡುತ್ತದೆ. ತನ್ನ ತೂಕದ ಅರ್ಧದಷ್ಟು ಬಲ ಮುಂದಕ್ಕೆ ತಳ್ಳಿದರೆ ಸಾಕು, ಅದು ಏರಿಯೇ ಏರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿರುವ ಲಾರಿ ಗಕ್ಕನೆ ನಿಂತರೆ ಹುಟ್ಟುವ ಬಲ ಅದರ ಆಸುಪಾಸಿನದೇ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗಲಂತೂ ಇಳಿಜಾರೂ ಅದರ ಜೊತೆ ಸೇರಿಕೊಳ್ಳುತ್ತದೆ. ಅದೇ ತುಂಡು 20 ಸೆಂಟಿಮೀಟರ್ ಎತ್ತರವಿದ್ದರೆ ಕಾಯಿಲು ತೂಕದ 0.8 ಪಟ್ಟು ಬಲದವರೆಗೂ ಕದಲದೆ ಕೂರುತ್ತದೆ. ಮುಂದಕ್ಕೆ ತಳ್ಳುವ ಬಲಕ್ಕೆ ಅಮೆರಿಕದ ನಿಯಮವೂ ಯುರೋಪಿನ ಇಎನ್ 12195 ಮಾನದಂಡವೂ ಇಟ್ಟುಕೊಂಡಿರುವ ಅಳತೆ ಇದೇ 0.8. ಬೆಣೆ ಇದೆಯೇ ಎಂದು ಕೇಳಿದರೆ ಸಾಲದು, ಅದು ಕಾಯಿಲನ್ನು ಎಷ್ಟು ಎತ್ತರದಲ್ಲಿ ಮುಟ್ಟುತ್ತಿದೆ ಎಂದು ಕೇಳಬೇಕು. ಹಾಸಿಗೇ ಬೆಸುಗೆ ಹಾಕಿದ ಉಕ್ಕಿನ ಆನಿಕೆಗಳ ದೋಷವೂ ಇಲ್ಲೇ ಇದೆ. ಒಂದು ಅಳತೆಯ ಕಾಯಿಲಿಗೆ ಸರಿಹೊಂದಿದ್ದು ಅದಕ್ಕಿಂತ ದೊಡ್ಡದನ್ನು ತೀರ ಕೆಳಗೆ ಮುಟ್ಟುತ್ತದೆ. ನೋಟಕ್ಕೆ ಭದ್ರ, ಲೆಕ್ಕಕ್ಕೆ ದುರ್ಬಲ.

ಅಮೆರಿಕದ ಟ್ರಕ್ಕುಗಳಲ್ಲಿ ಬಳಸುವ ಕಾಯಿಲ್ ರ‍್ಯಾಕ್ ಸರಳ ವಸ್ತು. ಅಡ್ಡಲಾಗಿ ಇಟ್ಟ ಉಕ್ಕಿನ ಚೌಕಟ್ಟುಗಳು ಎರಡು ಗಟ್ಟಿ ಮರದ ದಿಮ್ಮಿಗಳನ್ನು ಅಲುಗದಂತೆ ಹಿಡಿಯುತ್ತವೆ. ಕಾಯಿಲು ಆ ದಿಮ್ಮಿಗಳ ನಡುವೆ ಕೂರುತ್ತದೆ. ನಾನು ಮೆಚ್ಚುವುದು ಅದರ ಹಿಂದಿರುವ ನಿಯಮವನ್ನು. ಕಾಯಿಲು ಹಾಸನ್ನು ಮುಟ್ಟಕೂಡದು, ಕೆಳಗೆ ಸಂದಿ ಇರಬೇಕು. ಹಾಸು ಮುಟ್ಟಿದರೆ ಭಾರ ದಿಮ್ಮಿಯ ಮೇಲೆ ಬೀಳುವುದಿಲ್ಲ, ದಿಮ್ಮಿ ಕುಲುಕಾಟಕ್ಕೆ ಸರಿದು ಹೋಗುತ್ತದೆ. ದಿಮ್ಮಿಯನ್ನು ಬರಿಯ ಮೊಳೆಯಿಂದ ಹಿಡಿಸುವಂತಿಲ್ಲ ಎಂದೂ ಆ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಇದನ್ನೆಲ್ಲ ಬಗ್ಗಿ ನೋಡಿದರೆ ಯಾವ ಯಂತ್ರವೂ ಇಲ್ಲದೆ ತಪಾಸಣೆ ಮಾಡಬಹುದು. ಒಳ್ಳೆಯ ಸಲಕರಣೆಗೆ ಇರಬೇಕಾದ ಗುಣ ಅದು.

ಜರ್ಮನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಟ್ರೇಲರಿನ ಹಾಸಿನಲ್ಲೇ ಉದ್ದಕ್ಕೂ ಇಳಿಜಾರು ಬದಿಗಳ ಕಾಲುವೆ ಇರುತ್ತದೆ. ಬೇಡವಾದಾಗ ಅದನ್ನು ಹಲಗೆಗಳಿಂದ ಮುಚ್ಚಿ ಬೇರೆ ಸರಕು ಹೇರುತ್ತಾರೆ. ಕಣ್ಣು ಮುಂದಕ್ಕೂ ಹಿಂದಕ್ಕೂ ಇರುವಂತೆ ಕಾಯಿಲು ಆ ಕಾಲುವೆಯಲ್ಲಿ ಇಳಿದು ಕೂರುತ್ತದೆ, ಅದರ ಮುಂದೆ ಉಕ್ಕಿನ ಕಂಬ ನೆಡುತ್ತಾರೆ. ಭಾರ ಕೆಳಗಿಳಿದಷ್ಟೂ ತಿರುವಿನಲ್ಲಿ ವಾಲುವುದು ಕಡಿಮೆ. ಉರುಳುವ ದಿಕ್ಕು ಪಕ್ಕಕ್ಕೆ ತಿರುಗುತ್ತದೆ. ಪಕ್ಕಕ್ಕೆ ತಡೆದುಕೊಳ್ಳಬೇಕಾದ ಬಲದ ಅಳತೆ 0.5 ಮಾತ್ರ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ದುಬಾರಿ ನಿಜ, ಹಳೆಯ ಟ್ರೇಲರಿಗೆ ಕೂರಿಸುವುದೂ ಕಷ್ಟ. ಹೊಸದಾಗಿ ಕೊಳ್ಳುವವರಿಗೆ ಆ ನೆಪ ಇಲ್ಲ.

ಅಷ್ಟು ಖರ್ಚು ಬೇಡ ಎನ್ನುವವರಿಗೆ ರಬ್ಬರ್ ಚಾಪೆ ಇದೆ. 20 ಟನ್ ಕಾಯಿಲಿನ ಮೇಲೆ 0.8ರ ಲೆಕ್ಕದಲ್ಲಿ ಮುಂದಕ್ಕೆ ಬೀಳುವ ಬಲ 16 ಟನ್. ಎಣ್ಣೆ ಪಸೆಯ ಉಕ್ಕು ಉಕ್ಕಿನ ಮೇಲೆ ಕೂತು ಘರ್ಷಣೆಯ ಗುಣಾಂಕ 0.2 ಇದ್ದರೆ ತಳ ತಡೆಯುವುದು 4 ಟನ್, ಉಳಿದ 12 ಟನ್ ಕಟ್ಟಿನ ಪಾಲು. ಜಾರದ ಚಾಪೆ ಹಾಸಿದರೆ ಗುಣಾಂಕ 0.6, ತಳವೇ 12 ಟನ್ ಹಿಡಿಯುತ್ತದೆ, ಕಟ್ಟಿಗೆ ಉಳಿಯುವುದು 4. ಇಷ್ಟು ಅಗ್ಗದ ವಸ್ತು ಇಷ್ಟು ಕೆಲಸ ಮಾಡುವುದು ಬೇರೆಲ್ಲೂ ನಾನು ಕಂಡಿಲ್ಲ. ಸವೆದ ಟೈರಿನ ತುಂಡು ಇದಕ್ಕೆ ಬದಲಿ ಆಗಲಾರದು. ಅದರ ಗುಣಾಂಕ ಎಷ್ಟೆಂದು ಯಾರೂ ಪರೀಕ್ಷಿಸಿ ಬರೆದುಕೊಟ್ಟಿರುವುದಿಲ್ಲ.

ಸರಪಳಿಯ ಮಾತು ಈಗ. ಅಮೆರಿಕದಲ್ಲಿ ಸಾಗಣೆಗೆ ಬಳಸುವ ಗ್ರೇಡ್ 70ರ 3/8 ಇಂಚಿನ ಸರಪಳಿಯ ಸುರಕ್ಷಿತ ಭಾರ ಸುಮಾರು 3 ಟನ್. ಕಟ್ಟುಗಳ ಒಟ್ಟು ಶಕ್ತಿ ಸರಕಿನ ಅರ್ಧ ತೂಕಕ್ಕಾದರೂ ಸಮ ಇರಬೇಕು. ಆದ್ದರಿಂದ 20 ಟನ್ನಿಗೆ ನಾಲ್ಕು ಬೇಕೇ ಬೇಕು. ಕಣ್ಣು ಅಡ್ಡಕ್ಕಿದ್ದರೆ ಕಟ್ಟು ಕಣ್ಣಿನೊಳಗಿಂದ ಹಾಯ್ದು ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆಯಾಗಿ ಎಳೆಯಬೇಕು. ಕಣ್ಣಿನ ಮೂಲಕ ಓರೆಯಾಗಿ ಹೆಣೆದು ಮೇಲಿನಿಂದ ನೋಡಿದರೆ ಕತ್ತರಿಯಾಕಾರ ಕಾಣುವಂತೆ ಕಟ್ಟುವುದು ಅಲ್ಲಿ ನಿಷಿದ್ಧ. ಗ್ರೇಡಿನ ಗುರುತೇ ಇಲ್ಲದ ಸರಪಳಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಬಿಗಿಯಲು ಲಿವರ್ ಬೈಂಡರಿಗಿಂತ ರ‍್ಯಾಚೆಟ್ ಬೈಂಡರ್ ಮೇಲು: ಲಿವರ್ ಸಿಡಿದು ಕೈಗೋ ಮುಖಕ್ಕೋ ಬಡಿಯುವ ಅಪಾಯ ಇದ್ದೇ ಇದೆ. ಪಾಲಿಯೆಸ್ಟರ್ ಪಟ್ಟಿ ಹಗುರ, ತಗಡಿನ ಮೈಗೆ ಗಾಯ ಮಾಡುವುದಿಲ್ಲ; ಆದರೆ ಅಂಚಿಗೆ ರಕ್ಷೆ ಇಡದಿದ್ದರೆ ಕಾಯಿಲೇ ಅದನ್ನು ಕೊಯ್ಯುತ್ತದೆ.

ಇನ್ನು ಕಾನೂನಿನ ಮಾತು. ನಮ್ಮಲ್ಲಿ ಲಾರಿಗಳಿಂದ ಹೊರಚಾಚಿದ ಸರಳುಗಳು ಜೀವ ತೆಗೆಯುತ್ತಿವೆ ಎಂಬ ಕೂಗೆದ್ದು 2014ರಲ್ಲಿ ಅವುಗಳಿಗೆ ನಿಷೇಧ ಬಂತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಹೊರಚಾಚಿದ ಸರಕಿಗೆ 20,000 ರೂಪಾಯಿ ದಂಡವಿದೆ. ಕಾಯಿಲು ಎಲ್ಲೂ ಹೊರಚಾಚುವುದಿಲ್ಲ. ಹಾಸಿನ ಅಳತೆಯೊಳಗೆ ಅಚ್ಚುಕಟ್ಟಾಗಿ ಕೂತು, ತೂಕವೂ ಮಿತಿಯಲ್ಲಿದ್ದು, ಚೆಕ್‌ಪೋಸ್ಟ್ ದಾಟಿ ಹೋಗುತ್ತದೆ. ಉಕ್ಕಿನ ಊರು ಬರ್ಮಿಂಗ್‌ಹ್ಯಾಮ್ ಇರುವ ಅಮೆರಿಕದ ಅಲಬಾಮಾ ರಾಜ್ಯ ಹೆದ್ದಾರಿಗೆ ಕಾಯಿಲು ಬೀಳುವುದನ್ನು ಮತ್ತೆ ಮತ್ತೆ ಕಂಡು, 2009ರಲ್ಲಿ ಕಾಯಿಲು ಸಾಗಿಸುವ ಡ್ರೈವರಿಗೆ ಪ್ರತ್ಯೇಕ ತರಬೇತಿ ಪತ್ರ ಇರಬೇಕೆಂದು ಕಾನೂನು ಮಾಡಿತು. ಉಕ್ಕು ಹೊರಡುವ ಬಳ್ಳಾರಿ ಸೀಮೆಗೂ ಅಂಥದೊಂದು ಬೇಕು, ಆದರೆ ಹೊಣೆಯನ್ನೆಲ್ಲ ಡ್ರೈವರಿನ ಹೆಗಲಿಗೆ ಹೊರಿಸುವ ರೂಪದಲ್ಲಿ ಬೇಡ. ಕ್ರೇನಿನಿಂದ ಕಾಯಿಲು ಇಳಿಸುವವರು ಒಬ್ಬರು, ಟ್ರೇಲರಿನ ಮಾಲೀಕರು ಇನ್ನೊಬ್ಬರು, ಬಾಡಿಗೆ ನಿಗದಿ ಮಾಡುವವರು ಮತ್ತೊಬ್ಬರು. ಚಾಪೆ, ದಿಮ್ಮಿ, ರ‍್ಯಾಕ್ ಕೊಳ್ಳುವ ಶಕ್ತಿ ಇರುವುದು ಅವರಿಗೆ.

ದಿಮ್ಮಿ ಭಾರಕ್ಕೆ ಅದುಮಿಕೊಂಡಂತೆ ಸರಪಳಿ ಸಡಿಲವಾಗುತ್ತದೆ. ಹೊರಟ 80 ಕಿಲೋಮೀಟರಿನೊಳಗೆ ಒಮ್ಮೆ ನಿಂತು ನೋಡಿ, ಸಡಿಲವಾಗಿದ್ದರೆ ಮತ್ತೆ ಬಿಗಿಯಬೇಕು ಎಂದು ಅಮೆರಿಕದ ನಿಯಮ ಹೇಳುವುದು ಅದಕ್ಕೇ. ತೋರಣಗಲ್ಲಿನಿಂದ ಬೆಂಗಳೂರಿನ ದಾರಿ ಹಿಡಿದವರಿಗೆ ಅದು ಕೂಡ್ಲಿಗಿಯ ಆಸುಪಾಸು. ಅಲ್ಲಿ ಹೆದ್ದಾರಿ ಬಿಟ್ಟು ನಿಲ್ಲಲು ಜಾಗ ಬೇಕು, ರಾತ್ರಿ ಹೊತ್ತು ಕಾಯಿಲಿನ ಬುಡ ಕಾಣುವಷ್ಟು ಬೆಳಕು ಬೇಕು, ಆ ಅರ್ಧ ಗಂಟೆಯ ಕೂಲಿ ಟ್ರಿಪ್ಪಿನ ಬಾಡಿಗೆಯಲ್ಲೇ ಸೇರಿರಬೇಕು.